ಹಿಮ್ಮಡಿಯ ಒಳ ಅಂಚು

ಫೆಬ್ರವರಿ 27

ತಮ್ಮಾ,

ಬುಧವಾರ ಬೆಳಗ್ಗೆ ನಿನ್ನ ಬಸ್ಸು ಸಿಗ್ನಲ್ಲಿನಲ್ಲಿ ನಿಂತಲ್ಲಿಂದ ಮುಂದಕ್ಕೆ ಜಿಗಿದು ಕಂಬಕ್ಕೆ ಗುದ್ದಿದೆ. ಒಳಗೆ ನಿಂತಿದ್ದ ಹೆಂಗಸೊಬ್ಬಳ ಬಾಯಿ ಕಂಬಿಗೆ ಬಡಿದು ತುಟಿಗೆ ಹೊಲಿಗೆ ಬಿದ್ದಿದೆ. ಇದನ್ನು ನನಗೆ ತಿಳಿಸಿದವಳು ನಿನ್ನ ಹೆಂಡತಿ. ನೀನಲ್ಲ. ಅದೇ ಬುಧವಾರ ಸಂಜೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದೆವು. ಹೊಸ ಫ್ಯಾನು ಎಷ್ಟು ಸದ್ದು ಮಾಡುತ್ತದೆ ಎಂದು ನೀನು ಹೇಳಿದೆ, ನಾನು ಕೇಳಿಸಿಕೊಂಡೆ.

ಇಪ್ಪತ್ತು ವರ್ಷದಿಂದ ಪತ್ರಿಕೆಯ ಡೆಸ್ಕಿನಲ್ಲಿ ಊರವರ ಸುದ್ದಿಯನ್ನೆಲ್ಲ ತಿದ್ದುತ್ತಿದ್ದೇನೆ. ನಮ್ಮ ಮನೆಯ ಸುದ್ದಿ ಮಾತ್ರ ನನಗೆ ಕೊನೆಯಲ್ಲಿ ಬರುತ್ತದೆ.

ನಿನ್ನ ಹೆಂಡತಿ ಇನ್ನೂ ಹೇಳಿದಳು. ಎಡ ಹಿಮ್ಮಡಿಯ ನೋವು ಎರಡು ವರ್ಷದ್ದಂತೆ. ನೀನು ಎಲ್ಲರಿಗಿಂತ ಮೊದಲು ಏಳುವುದು ಬೇಗ ಡ್ಯೂಟಿ ಇರುವುದಕ್ಕಲ್ಲವಂತೆ, ಮಂಚದಿಂದ ಬಚ್ಚಲಿನವರೆಗೆ ಗೋಡೆ ಹಿಡಿದು ಹೋಗುವುದನ್ನು ಯಾರೂ ನೋಡಬಾರದೆಂದಂತೆ. ಹಿಮ್ಮಡಿಗೆ ಎರಡು ಸಲ ಇಂಜೆಕ್ಷನ್ ಚುಚ್ಚಿಸಿಕೊಂಡೆಯಂತೆ. ಆ ದಿನಗಳಲ್ಲಿ ನನಗೆ ಹೇಳಿದ್ದು "ಡಿಪೋದಲ್ಲಿ ಮೀಟಿಂಗ್ ಇತ್ತು" ಎಂದು.

ಎಡಗಾಲು ಅಂದರೆ ಕ್ಲಚ್ಚಿನ ಕಾಲು. ನಿನಗೆ ನಾನು ಪಾಠ ಹೇಳಬೇಕಿಲ್ಲ. ಆ ಕಾಲು ಹಿಡಿತ ಬಿಟ್ಟಿದ್ದಕ್ಕೇ ಬಸ್ಸು ಜಿಗಿದದ್ದು, ಅಲ್ಲವೇ? ಹೌದು ಅಥವಾ ಇಲ್ಲ ಎಂದು ಬರೆ.

ಫೋನಿನಲ್ಲಾದರೆ ನೀನು "ಸರಿ ಸರಿ, ಅಕ್ಕ, ಇಡ್ತೀನಿ" ಅಂದು ಜಾರಿಕೊಳ್ಳುತ್ತೀಯ. ಅದಕ್ಕೇ ಕಾಗದ. ಅಕ್ಷರ ಕೆಟ್ಟಿದ್ದರೆ ತಡಕಾಡಿ ಓದಿಕೋ, ಆಫೀಸಿನ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ಅಕ್ಕ


ಮಾರ್ಚ್ 4

ಅಕ್ಕಾ,

ಕಾಗದ ಬಂತು. ನನ್ನವಳಿಗೆ ತೋರಿಸಿದೆ. "ನಾನು ಕಂಬದ ವಿಷಯ ಮಾತ್ರ ಹೇಳಿದ್ದು, ಗೋಡೆ ವಿಷಯ ಹೇಳೇ ಇಲ್ಲ" ಅಂದಳು. ಹಾಗಾದರೆ ನಮ್ಮ ಗೋಡೆಯೇ ನಿನಗೆ ಫೋನ್ ಮಾಡಿರಬೇಕು.

ಕೇಳಿದ್ದಕ್ಕೆ ಉತ್ತರ: ಇಲ್ಲ. ಒಬ್ಬ ಸ್ಕೂಟರಿನವನು ಅಡ್ಡ ಬಂದ. ಆ ಹೆಂಗಸು ಕಂಬಿ ಹಿಡಿಯದೆ ಫೋನ್ ನೋಡುತ್ತ ನಿಂತಿದ್ದಳು. ದಿನಾ ಇಂಥದ್ದು ಹತ್ತು ಆಗುತ್ತವೆ, ಪೇಪರಿನಲ್ಲಿ ಬರುವುದಿಲ್ಲ ಅಷ್ಟೆ.

ಕಾಲಿಗೆ ಚಿಕಿತ್ಸೆ ಶುರುವಾಗಿದೆ, ನಿನ್ನೆಯದು ಮೊದಲನೆಯದು. ಇನ್ನು ಪ್ರತಿ ಮಂಗಳವಾರ ಹೋಗಬೇಕು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಹಸಿರು ರೆಕ್ಸಿನ್ ಹೊದಿಸಿದ ಮಂಚ, ಗೋಡೆಯ ಮೇಲೆ ಮನುಷ್ಯನ ಪಾದದ ಚಿತ್ರ. ಗೋಡೆ ಕೊರೆಯುವ ಡ್ರಿಲ್ಲಿನಂಥದ್ದೊಂದನ್ನು ಹಿಮ್ಮಡಿಗೆ ಒತ್ತಿ ಹಿಡಿಯುತ್ತಾರೆ. ಅದು ಟಕಟಕ ಅಂತ ಹೊಡೆಯುತ್ತದೆ. ಶಾಕ್ ವೇವ್ ಅನ್ನುತ್ತಾರೆ, ಕರೆಂಟಿನ ಶಾಕ್ ಅಲ್ಲ. ನೋಡಿಕೊಳ್ಳುವವಳು ಒಬ್ಬ ಥೆರಪಿಸ್ಟ್ ಹುಡುಗಿ. "ಎಲ್ಲಿ ಜಾಸ್ತಿ ನೋವು ಹೇಳಿ ಸರ್" ಅಂತ ಕೇಳುತ್ತಲೇ ಇದ್ದಳು. "ಪರವಾಗಿಲ್ಲಮ್ಮ, ನೀನು ಹೊಡಿ" ಅಂದೆ. ಇರುವೆ ಕಚ್ಚಿದ ಹಾಗಾಯಿತು, ಅಷ್ಟೆ.

ಬೆಳಗ್ಗೆ ಚಿಕಿತ್ಸೆ, ಮಧ್ಯಾಹ್ನ ಬಸ್ಸು. ಒಂದು ಟ್ರಿಪ್ಪೂ ತಪ್ಪಿಲ್ಲ. ನೀನು ಸುಮ್ಮನೆ ತಲೆ ಬಿಸಿ ಮಾಡಿಕೊಳ್ಳಬೇಡ.

ತಮ್ಮ


ಮಾರ್ಚ್ 12

ಅಕ್ಕಾ,

ನನ್ನನ್ನು ಬಸ್ಸಿನಿಂದ ಇಳಿಸಿದ್ದಾರೆ. ನಿನ್ನೆ ಡಿಪೋ ಮ್ಯಾನೇಜರು ಕರೆದು ಹೇಳಿದರು. ಇವತ್ತಿನಿಂದ ಪಾಸ್ ಕೌಂಟರು. ಗಾಜಿನ ಹಿಂದೆ ಕೂತು ಶಾಲೆ ಮಕ್ಕಳ ಫೋಟೊಗೆ ಗೋಂದು ಹಚ್ಚುತ್ತಿದ್ದೇನೆ. ಏಪ್ರಿಲ್ 22ಕ್ಕೆ ಡಿಪೋ ಅಂಗಳದಲ್ಲಿ ಬಸ್ಸು ಓಡಿಸಿ ತೋರಿಸಬೇಕು, ಡಾಕ್ಟರರೂ ಕೂತಿರುತ್ತಾರೆ. ಅದರಲ್ಲಿ ಸೋತರೆ ರಿಟೈರ್ ಆಗುವ ತನಕ ಗೋಂದೇ ಗತಿ.

ಕಾಲಿನ ವಿಷಯ ಮ್ಯಾನೇಜರಿಗೆ ಹೇಗೆ ಗೊತ್ತಾಯಿತು? ಗೋಡೆ ಹಿಡಿದು ನಡೆಯುವುದು ಕೂಡ ಅವರಿಗೆ ಗೊತ್ತಿತ್ತು. ಡಿಪೋದಲ್ಲಿ ಅಷ್ಟು ಗೊತ್ತಿರುವವನು ಒಬ್ಬನೇ, ನನ್ನ ಕಂಡಕ್ಟರು, ಎಲ್ಲರೂ ಸೀಟಿ ಅಂತ ಕರೆಯುವವನು. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ತಿರುಗಿದ್ದೇವೆ. ಅವನು ಸೀಟಿ ಊದದೆ ನಾನು ಚಕ್ರ ಉರುಳಿಸಿದವನಲ್ಲ. ನಿನ್ನೆ ಕ್ಯಾಂಟೀನಿನಲ್ಲಿ ಎಲ್ಲರೆದುರೇ ಕೇಳಿದೆ, "ಎಷ್ಟು ಕೊಟ್ರೋ ನಿಂಗೆ?" ಅವನು ಲೋಟ ಕೆಳಗಿಟ್ಟು ಎದ್ದು ಹೋದ. ತಪ್ಪು ಮಾಡದವನು ಎದ್ದು ಹೋಗುತ್ತಾನಾ? ಅವನ ಜೊತೆ ಮಾತು ಮುಗಿಯಿತು.

ಎರಡನೇ ಮಂಗಳವಾರವೂ ಆಯಿತು, ಅದರಿಂದ ಏನೂ ಆಗಿಲ್ಲ. ಕಳೆದ ಕಾಗದಕ್ಕೆ ನೀನು ಉತ್ತರವನ್ನೂ ಹಾಕಲಿಲ್ಲ.

ತಮ್ಮ


ಮಾರ್ಚ್ 16

ತಮ್ಮಾ,

ಡಿಪೋ ಮ್ಯಾನೇಜರಿಗೆ ಹೇಳಿದವಳು ನಾನು. ಮಾರ್ಚ್ 9ರಂದು ಆಫೀಸಿನಿಂದ ಫೋನ್ ಮಾಡಿ, ನಾನು ಯಾರೆಂದು ತಿಳಿಸಿ, ನಿನ್ನ ಕಾಲಿನ ಸ್ಥಿತಿ ಹೇಳಿದೆ. ಸೀಟಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಅವನ ಬಳಿ ಹೋಗಿ ಕ್ಷಮೆ ಕೇಳು.

ತಪ್ಪೊಪ್ಪಿಗೆ ಎಂದುಕೊಳ್ಳಬೇಡ. ಮಾಹಿತಿ ಅಷ್ಟೆ. ನಾಳೆ ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ. ನಿನ್ನ ಬಸ್ಸಿನಲ್ಲಿ ನಿಂತವರಿಗೆ ನಿನ್ನ ಹಿಮ್ಮಡಿಯ ಸುದ್ದಿ ಗೊತ್ತಿಲ್ಲ. ನನಗೆ ಗೊತ್ತಿತ್ತು. ಸ್ಕೂಟರಿನವನ ಕಥೆಯನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ, ನೋಡಿದವರು ಯಾರು ಎಂದು ಕೇಳಿ ವಾಪಸು ಕಳಿಸುತ್ತಿದ್ದೆ. ನಿನ್ನದಾದ್ದರಿಂದ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು.

ಅಕ್ಕ


ಮಾರ್ಚ್ 19

ನಿನ್ನ ನೋಟಿಸು ತಲುಪಿತು. ಒಡಹುಟ್ಟಿದವನಿಗೆ ಟೈಪ್ ಮಾಡಿದ ಕಾಗದ. ಕೈಯಲ್ಲಿ ಬರೆಯುವಷ್ಟೂ ನಾನು ಲಾಯಕ್ಕಿಲ್ಲ ಎಂದಾಯಿತು. ಕೆಳಗೆ ಒಂದು ಸೀಲು ಮಾತ್ರ ಬಾಕಿ ಇತ್ತು.

ನೀನು ನನ್ನನ್ನು ಕೇಳಲಿಲ್ಲ. ನನಗೆ ಒಂದು ಮಾತು ಹೇಳಿ ಆಮೇಲೆ ಫೋನ್ ಮಾಡಬಹುದಿತ್ತು. ಹನ್ನೊಂದು ವರ್ಷದ ಸ್ನೇಹಿತನನ್ನು ನಿನ್ನ ದೆಸೆಯಿಂದ ಕಳ್ಳ ಮಾಡಿದೆ.

ಇನ್ನು ಬರೆಯಬೇಡ.


ಮಾರ್ಚ್ 26

ತಮ್ಮಾ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿದು ಹಾಕು.

ಮೊನ್ನೆ ಮಂಗಳವಾರದ ನಾಲ್ಕನೇ ಚಿಕಿತ್ಸೆಯೂ ವ್ಯರ್ಥವಾಗಿದೆ. ವರದಿ ನಿನ್ನ ಹೆಂಡತಿಯದೇ, ಅವಳ ಮೇಲೆ ಹಾರಾಡಬೇಡ, ನಾನೇ ಕೆದಕಿ ಕೆದಕಿ ಕೇಳಿದೆ. ಆ ದಿನ ನಿನ್ನ ಜೊತೆ ಬಂದಿದ್ದಳಲ್ಲ, ನೀನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಥೆರಪಿಸ್ಟ್ ಹುಡುಗಿ ಅವಳನ್ನು ಬಾಗಿಲ ಹೊರಗೆ ಕರೆದು ಕೇಳಿದಳಂತೆ: "ಆಂಟಿ, ಸರ್‌ಗೆ ಕಾಲಲ್ಲಿ ಸ್ಪರ್ಶ ಇದೆ ತಾನೇ? ಯಂತ್ರ ಎಷ್ಟು ಏರಿಸಿದ್ರೂ ಪರವಾಗಿಲ್ಲ ಅಂತಾರೆ. ಎಲ್ಲಿ ಇಟ್ರೂ ಪರವಾಗಿಲ್ಲ ಅಂತಾರೆ."

ಮರಗಟ್ಟಿಸುವ ಮದ್ದು ಕೊಡದೆ ಹೊಡೆಯುವುದು ಯಾಕೆ ಎಂದು ಮೊದಲ ದಿನವೇ ಡಾಕ್ಟರು ನಿನಗೆ ವಿವರಿಸಿದ್ದರಂತೆ. ಎಲ್ಲಿ ಇಟ್ಟಾಗ ನೋವು ಅತಿ ಹೆಚ್ಚೋ ಅದೇ ಕೆಟ್ಟಿರುವ ಜಾಗ. ಅದನ್ನು ಹೇಳಬೇಕಾದವನು ಕಾಲಿನ ಯಜಮಾನ. ಹುಡುಗಿಗೆ ಅದು ಕಾಣುವುದಿಲ್ಲ. ಯಂತ್ರಕ್ಕೂ ಕಾಣುವುದಿಲ್ಲ. ನೀನು ತಲೆಯಾಡಿಸಿದೆ. ಆಮೇಲೆ ನಾಲ್ಕು ಮಂಗಳವಾರ ಕಲ್ಲಿನ ಹಾಗೆ ಮಲಗಿದೆ. ಅವಳು ಕುರುಡುಗುರಿಯಲ್ಲಿ ಹೊಡೆದಳು. ನೋವು ತಿಂದದ್ದು ನೀನು. ಗುಣವಾದದ್ದು ಸೊನ್ನೆ.

ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇಷ್ಟು ವರ್ಷದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಎದುರಿಗಿದ್ದಿದ್ದರೆ ಎರಡು ಬಾರಿಸುತ್ತಿದ್ದೆ. ಆಮೇಲೆ ಯೋಚಿಸಿದೆ. ಇದು ನೀನೊಬ್ಬನೇ ಕಲಿತ ವಿದ್ಯೆಯಲ್ಲ.

ಅಮ್ಮ ಹಲ್ಲು ಕೀಳಿಸಿಕೊಂಡು ಬರುವಾಗ ಬಾಯಿಯಲ್ಲಿ ಹತ್ತಿ ಇಟ್ಟುಕೊಂಡೇ ಈರುಳ್ಳಿಗೆ ಚೌಕಾಸಿ ಮಾಡಿದ್ದನ್ನು ನಾವು ಬಂದವರಿಗೆಲ್ಲ ಹೇಳುತ್ತಿದ್ದೆವು, ಪದಕ ತೋರಿಸುವ ಹಾಗೆ. ಅಪ್ಪ ನಮ್ಮ ಮಂಡಿ ಗಾಯಗಳಿಗೆ ಟಿಂಚರ್ ಹಚ್ಚುವಾಗ ಸದ್ದು ಮಾಡದವರಿಗೆ ಮುಂದಿನ ಪ್ರಯಾಣದಲ್ಲಿ ಕಿಟಕಿ ಸೀಟು. ಪ್ರತಿ ಸಲ ಗೆದ್ದವನು ನೀನು. ಕೊನೆಗೆ ಇಡೀ ಬಸ್ಸಿನಲ್ಲೇ ಅತಿ ದೊಡ್ಡ ಕಿಟಕಿಯ ಸೀಟು ಹಿಡಿದೆ. ಈಗ ಸದ್ದು ಮಾಡದ ಕಾರಣಕ್ಕೇ ಆ ಸೀಟು ಕಳೆದುಕೊಳ್ಳಲಿದ್ದೀಯ. ಇದಕ್ಕಿಂತ ಪೆದ್ದುತನದ ಸುದ್ದಿ ನನ್ನ ಡೆಸ್ಕಿಗೆ ಬಂದಿಲ್ಲ.

ಐದನೆಯದರಲ್ಲೂ ಹೀಗೇ ಆದರೆ ಹಿಮ್ಮಡಿ ಕೊಯ್ದು ಆಪರೇಷನ್ ಮಾಡುವ ಮಾತು ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕೊಯ್ದರೆ 22ಕ್ಕೆ ನೀನು ಬಸ್ಸು ಹತ್ತುವುದಿಲ್ಲ.

ಆದ್ದರಿಂದ ಈ ಮಂಗಳವಾರ ನೀನು ಬಾಯಿ ಬಿಡಬೇಕು. "ಅಮ್ಮಾ" ಅನ್ನಲು ಬಾಯಿ ಬರುವುದಿಲ್ಲ ಎಂದಾದರೆ ನನ್ನನ್ನು ಬೈ. ಡಿಪೋಗೆ ಫೋನ್ ಮಾಡಿದ್ದಕ್ಕೆ ನಿನ್ನ ಹೊಟ್ಟೆಯಲ್ಲಿ ಇರುವುದನ್ನೆಲ್ಲ ಅಲ್ಲಿ ಕಕ್ಕು. ನೋವು ಕಮ್ಮಿ ಇದ್ದಲ್ಲಿ ಮೆಲ್ಲಗೆ ಬೈ, ಜಾಸ್ತಿ ಇದ್ದಲ್ಲಿ ಜೋರಾಗಿ ಬೈ. ನನ್ನನ್ನು ಬೈಯಲು ನಿನಗೆ ಅಭ್ಯಾಸ ಬೇಕಿಲ್ಲ.

ಅಕ್ಕ


ಏಪ್ರಿಲ್ 2

ಅಕ್ಕಾ,

ಜಾಗ ಸಿಕ್ಕಿದೆ. ಹುಡುಗಿ ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಹಿಮ್ಮಡಿಯ ಅಡಿಯಲ್ಲಲ್ಲ, ಒಳ ಅಂಚಿನಲ್ಲಿ, ಒಂದು ಬೆರಳು ಮುಂದಕ್ಕೆ.

ನಿನ್ನ ಮಾತು ಕೇಳಬೇಕೆಂದು ನಾನು ಹೋಗಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಮಲಗಿದ್ದೆ, ಬೋರಲು. ಟಕಟಕ ಶುರುವಾಯಿತು. "ಇಲ್ಲಿ ಹೇಗಿದೆ ಸರ್?" ಅಂದಳು. ಪರವಾಗಿಲ್ಲ ಅನ್ನಲು ಬಾಯಿ ತೆರೆದೆ. ಆಗ ನಿನ್ನ ಟೈಪ್ ಮಾಡಿದ ಕಾಗದ ಕಣ್ಣ ಮುಂದೆ ಬಂತು. ಬಾಯಿಂದ "ಚಾಡಿಕೋರಿ" ಅಂತ ಬಂತು.

"ಏನಂದ್ರಿ ಸರ್?"

"ನಿಂಗಲ್ಲಮ್ಮ. ನಮ್ಮಕ್ಕಂಗೆ."

ನಾನು ಹೇಳಿದೆ, ನೋವಾದರೆ ಅಕ್ಕನನ್ನು ಬೈಯುತ್ತೇನೆ, ತಪ್ಪು ತಿಳಿಯಬೇಡ ಎಂದು. ಅವಳು ನಗಲಿಲ್ಲ. ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು, "ಸರಿ, ಬೈತಾ ಇರಿ, ನಾನು ಹುಡುಕ್ತೀನಿ" ಅಂದಳು. ಸ್ವಲ್ಪ ಸರಿಸಿದಳು. ಮೂಗು ತೂರಿಸುವವಳು ಅಂದೆ. ಇನ್ನೂ ಸರಿಸಿದಳು. ದೊಡ್ಡಸ್ತಿಕೆ, ಊರಿಗೆಲ್ಲ ತಿದ್ದುಪಡಿ ಹಾಕುವವಳು, ಒಡಹುಟ್ಟಿದವನಿಗೆ ನೋಟಿಸು ಕಳಿಸುವವಳು ಅಂದೆ. ಹಾಗೇ ಹಿಮ್ಮಡಿ ಪೂರ್ತಿ ಸುತ್ತಿ ಬಂದಳು. ನನ್ನ ದನಿ ಏರುತ್ತಿತ್ತು, ನನಗೆ ಗೊತ್ತಾಗುತ್ತಿರಲಿಲ್ಲ. ಒಳ ಅಂಚಿಗೆ ಇಟ್ಟಾಗ ಏನಾಯಿತು ಅಂದರೆ, ಕಾದ ಮೊಳೆಯನ್ನು ಪಾದದೊಳಗೆ ಇಳಿಸಿ ತಿರುಗಿಸಿದ ಹಾಗೆ. ನಾನು ಕೂಗಿದ್ದು ಹೊರಗೆ ಮೆಟ್ಟಿಲವರೆಗೂ ಕೇಳಿಸಿತಂತೆ.

"ಯಾರನ್ನ ಕೇಳಿ ಫೋನ್ ಮಾಡಿದೆ ನೀನು? ನನ್ನ ಕಾಲು, ನನ್ನ ಬಸ್ಸು, ಯಾರನ್ನ ಕೇಳಿದೆ?"

ಹೊರಗೆ ಕಾಯುತ್ತಿದ್ದ ಮುದುಕರೊಬ್ಬರು ಬಾಗಿಲು ತೆರೆದು, "ಏನಪ್ಪ, ಒಳಗೆ ಆಸ್ತಿ ಭಾಗ ಆಗ್ತಿದೆಯಾ?" ಅಂದರು. ಹುಡುಗಿ ಯಂತ್ರ ನಿಲ್ಲಿಸಿ ಪೆನ್ನು ತೆಗೆದಳು. "ಇಷ್ಟು ದಿನ ನಾನು ಪಕ್ಕದ ಮನೆ ಬಾಗಿಲು ತಟ್ಟುತ್ತಿದ್ದೆ ಸರ್" ಅಂದಳು. ಆಮೇಲೆ ಅದೇ ಜಾಗಕ್ಕೆ ಹೊಡೆದಳು. ನಾನು ಅತ್ತೆ. ಬೋರಲು ಮಲಗಿದ್ದರಿಂದ ಯಾರಿಗೂ ಕಾಣಲಿಲ್ಲ ಅಂದುಕೊಂಡಿದ್ದೆ. ಏಳುವಾಗ ಅವಳು ದಿಂಬನ್ನು ತಿರುಗಿಸಿ ಹಾಕಿದಳು.

ಮೊದಲ ದಿನ ಇರುವೆ ಕಚ್ಚಿದ ಹಾಗಾಯಿತು ಎಂದು ಬರೆದಿದ್ದೆ. ಸುಳ್ಳು. ಆ ದಿನ ದಿಂಬಿನ ಕವರು ಕಚ್ಚಿ ಹರಿದಿದ್ದೆ. ಬಟ್ಟೆ ಹಳೇದಾಗಿದೆ ಎಂದು ಅವಳಿಗೇ ಬುದ್ಧಿ ಹೇಳಿ ಬಂದಿದ್ದೆ. ಸ್ಕೂಟರಿನವನೂ ಸುಳ್ಳು. ಕ್ಲಚ್ ಒತ್ತಿ ಹಿಡಿದಿದ್ದಾಗ ಹಿಮ್ಮಡಿಯಲ್ಲಿ ಚಳಕು ಬಂದು ಕಾಲು ತಾನಾಗಿ ಮೇಲೆದ್ದಿತು.

ನಿನ್ನೆ ಸೀಟಿಯ ಹತ್ತಿರ ಹೋದೆ. ತಪ್ಪಾಯಿತು ಅಂದೆ. ಅವನು ಜೇಬಿನಿಂದ ಸೀಟಿ ತೆಗೆದು ಎರಡು ಸಲ ಊದಿದ. ಬಸ್ಸಿನಲ್ಲಿ ಎರಡು ಸಲ ಅಂದರೆ ಹೊರಡು ಎಂದು. ಕ್ಷಮಿಸಿದನೋ, ತೊಲಗು ಅಂದನೋ ತಿಳಿಯಲಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ತಮ್ಮ


ಏಪ್ರಿಲ್ 6

ತಮ್ಮಾ,

ಕಾಗದವನ್ನು ಎರಡು ಸಲ ಓದಿದೆ. "ಊರಿಗೆಲ್ಲ ತಿದ್ದುಪಡಿ ಹಾಕುವವಳು" ಚೆನ್ನಾಗಿದೆ. ಡೆಸ್ಕಿನವರಿಗೂ ಓದಿ ಹೇಳಿದೆ. ಅವರು ಚಪ್ಪಾಳೆ ಹೊಡೆದ ರೀತಿ ನೋಡಿದರೆ ನಿನಗೆ ಇಲ್ಲಿ ಬೆಂಬಲಿಗರಿದ್ದಾರೆ.

ನೀನು ಕೂಗಿ ಕೇಳಿದ ಪ್ರಶ್ನೆಗೆ ಉತ್ತರ: ಯಾರನ್ನೂ ಕೇಳಲಿಲ್ಲ. ಮೊದಲು ನಿನಗೆ ಹೇಳಿದ್ದರೆ ನೀನು "ಸರಿ ಸರಿ" ಅಂದು ಮಾರನೆಯ ದಿನ ಬಸ್ಸು ಹತ್ತುತ್ತಿದ್ದೆ. ಆದರೂ ಹೇಳಿ ಮಾಡಬೇಕಿತ್ತು. ಫೋನ್ ಮಾಡಿದ್ದು ಸರಿ. ನಿನಗೆ ಹೇಳದೆ ಮಾಡಿದ್ದು ಸರಿಯಲ್ಲ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೋ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಟೈಪ್ ಮಾಡಿದ್ದು ಸೊಕ್ಕಿನಿಂದಲ್ಲ. ನನ್ನ ಬಲ ಭುಜ ಮೇಲಕ್ಕೆ ಏಳುತ್ತಿಲ್ಲ. ಪೆನ್ನು ಹಿಡಿದು ಒಂದು ಪುಟ ಬರೆದರೆ ಕುತ್ತಿಗೆಯವರೆಗೆ ಸಿಡಿಯುತ್ತದೆ. ಈಗ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತೇನೆ. ಚಳಿಗಾಲದಿಂದ ಹೀಗೇ ಇದೆ. ತಲೆ ಬಾಚಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಕೂದಲು ಕತ್ತರಿಸಿಕೊಂಡೆ. ಫ್ಯಾಷನ್ ಎಂದು ಎಲ್ಲರಿಗೂ ಹೇಳಿದ್ದೇನೆ. ಡಾಕ್ಟರಿಗೆ ತೋರಿಸಿಲ್ಲ.

ಇದನ್ನು ಓದಿ ನೀನು ಏನನ್ನುತ್ತೀಯ ಎಂದು ಗೊತ್ತಿದೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ನಾನು ಏನಂದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ನನ್ನವಳು ಬಾಗಿಲು ಹಾಕಿದಳು.

ನಾಲ್ಕು ಮಂಗಳವಾರ ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನನ್ನು ಪೆದ್ದ ಅಂದೆ. ಚಳಿಗಾಲದಿಂದ ಮುಚ್ಚಿಕೊಂಡವಳಿಗೆ ಏನನ್ನಬೇಕು? ನನಗೆ ಎರಡು ಬಾರಿಸುತ್ತಿದ್ದೆ ಎಂದು ಬರೆದೆಯಲ್ಲ, ಯಾವ ಕೈಯಲ್ಲಿ?

ಕಾಲಿನ ಸಮಾಚಾರ: ಮೊನ್ನೆ ಮತ್ತೆ ಅದೇ ಗುರುತಿಗೆ ಹೊಡೆದರು. ಎರಡು ದಿನ ಊದಿಕೊಂಡಿತ್ತು. ಇವತ್ತು ಬೆಳಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋದೆ, ಕುಂಟಿಕೊಂಡೇ. ಪೂರ್ತಿ ಗೊತ್ತಾಗಲು ವಾರಗಳು ಬೇಕು ಎನ್ನುತ್ತಾರೆ.

ನಿನ್ನೆ ಪಾಸ್ ಕೌಂಟರಿಗೆ ಆ ಹೆಂಗಸು ಬಂದಿದ್ದಳು. ತುಟಿಯ ಮೇಲಿನ ಗೆರೆ ನೋಡಿ ಗುರುತು ಸಿಕ್ಕಿತು. ಪಾಸು ಕೊಟ್ಟು ಸುಮ್ಮನೆ ಕಳಿಸಬಹುದಿತ್ತು. ಆವತ್ತು ಬಸ್ಸು ಓಡಿಸಿದವನು ನಾನೇ ಅಂದೆ. "ಗೊತ್ತು ಬಿಡಿ. ನನ್ನ ಬಾಯಲ್ಲಿ ರಕ್ತ ಸೋರ್ತಿತ್ತು, ನೀವು ಕಲ್ಲಿನ ಹಾಗೆ ಮುಂದೆ ನೋಡ್ಕೊಂಡು ಕೂತಿದ್ರಿ. ನನಗೆ ತುಟಿಗಿಂತ ಅದೇ ಜಾಸ್ತಿ ಉರೀತು" ಅಂದಳು. ನಾನು ಆಗ ಹಲ್ಲು ಕಚ್ಚಿ ಕೂತಿದ್ದೆ, ಕಾಲಿಗೆ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಕಾಲು ನೋವಿತ್ತು, ನೋವಿದ್ದರೂ ಓಡಿಸಿದೆ, ತಪ್ಪು ನನ್ನದೇ ಅಂದೆ. ಅವಳು ಪಾಸು ತೆಗೆದುಕೊಂಡು ಹೋದಳು. ಒಳ್ಳೆಯ ಮಾತು ಏನೂ ಆಡಲಿಲ್ಲ. ಆಡಬೇಕಿರಲೂ ಇಲ್ಲ.

22ರಂದು ಕ್ಲಚ್ ಒತ್ತಿದಾಗ ಚಳಕು ಬಂದರೆ ಅಲ್ಲೇ ನಿಲ್ಲಿಸಿ ನಾನೇ ಹೇಳುತ್ತೇನೆ. ನೀನು ಫೋನ್ ಮಾಡುವ ಅಗತ್ಯ ಇಲ್ಲ. ಪಕ್ಕದಲ್ಲಿ ಸೀಟಿ ನಿಂತಿರುತ್ತಾನೆ. ಕೇಳಿದ್ದಕ್ಕೆ ಒಂದೇ ಸಲ ಊದಿದ, ಒಂದು ಸಲ ಅಂದರೆ ನಿಲ್ಲು ಎಂದು, ಬರುತ್ತಾನೆ ಎಂದುಕೊಂಡಿದ್ದೇನೆ.

ಇನ್ನೊಂದು ವಿಷಯ. ನಿನ್ನ ಭುಜಕ್ಕೆ ಇಲ್ಲಿ ಹೆಸರು ಬರೆಸಿದ್ದೇನೆ. ನಿನ್ನ ಆಫೀಸಿಗೂ ಫೋನ್ ಮಾಡಿ ಸೋಮವಾರದಿಂದ ರಜೆ ಹೇಳಿದ್ದೇನೆ, ಕಾರಣ ಸಮೇತ. ನಿನ್ನನ್ನು ಕೇಳಲಿಲ್ಲ. ಆದರೆ ಹೇಳುತ್ತಿದ್ದೇನೆ. ಅಷ್ಟು ವ್ಯತ್ಯಾಸ ಇದೆ.

ಬೈಗುಳ ಯೋಚಿಸಿಕೊಂಡು ಬಾ. ಹುಡುಗಿ ಕೇಳುತ್ತಾಳೆ.

ಮಂಗಳವಾರ, ಏಪ್ರಿಲ್ 14. ನನ್ನ ಕಾಲು ಹತ್ತೂವರೆಗೆ, ನಿನ್ನ ಭುಜ ಹನ್ನೊಂದೂಕಾಲಿಗೆ.

ತಮ್ಮ